ಎಲೆಕ್ಟ್ರಿಕ್ ಕಾರಿಗೆ ಬೇರೆಯೇ ಟೈರ್ ಬೇಕೆ? ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದುವ ಬಗೆ

ಎಲೆಕ್ಟ್ರಿಕ್ ಕಾರು ಟೈರುಗಳನ್ನು ತಿಂದು ಹಾಕುತ್ತದೆ ಎಂಬ ಸುದ್ದಿ ಒಂದು ದಿನ. ಎಲೆಕ್ಟ್ರಿಕ್ ಕಾರಿಗೆಂದೇ ತಯಾರಾದ ಟೈರ್ ಮಾರುಕಟ್ಟೆಗೆ ಬಂದಿದೆ ಎಂಬ ಜಾಹೀರಾತು ಇನ್ನೊಂದು ದಿನ. ಅಂಥ ಪ್ರತ್ಯೇಕ ಟೈರ್ ಬೇಕಿಲ್ಲ, ನಮ್ಮ ಎಲ್ಲ ಟೈರುಗಳೂ ಎಲೆಕ್ಟ್ರಿಕ್ ಕಾರಿಗೆ ಸಲ್ಲುತ್ತವೆ ಎಂದು ಅಷ್ಟೇ ಹೆಸರುವಾಸಿಯಾದ ಬೇರೊಂದು ಕಂಪನಿ ಮೂರನೆಯ ದಿನ ಹೇಳುತ್ತದೆ. ಈ ನಡುವೆ ಯುರೋಪಿನ ವಾಹನ ಮಾಲಿನ್ಯದ ‘ಯುರೋ 7’ ನಿಯಮ, ಟೈರಿನಿಂದ ಉದುರುವ ದೂಳಿಗೂ ಮಿತಿ ಹಾಕಲು ಹೊರಟಿದೆ. ಮೊದಲ ಸಲ ಟೈರ್ ಬದಲಿಸುವ ಹೊತ್ತು ಬಂದಿರುವ ಕಾರಿನ ಒಡೆಯರಿಗೆ ಇವುಗಳಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದಿರುವುದು ಸಹಜ.

ಈ ಮಾತುಗಳಲ್ಲಿ ಸುಳ್ಳು ಕಡಿಮೆ. ಗೊಂದಲ ಹುಟ್ಟುವುದು ಬೇರೆಡೆ. ‘ಇವಿ (ಎಲೆಕ್ಟ್ರಿಕ್ ವಾಹನದ) ಟೈರ್’ ಎಂದರೆ ಇಂಥದ್ದೇ ಎಂದು ಗೆರೆ ಎಳೆದು ಹೇಳುವ ಮಾನದಂಡವಿಲ್ಲ. ಟೈರಿನ ಪಕ್ಕೆಯ ಮೇಲೆ ‘ಇವಿ’ ಎಂದು ಅಚ್ಚೊತ್ತುವುದು ಕಂಪನಿಯ ಆಯ್ಕೆ. ಆದರೆ ಅದೇ ಪಕ್ಕೆಯ ಮೇಲೆ ಮತ್ತು ಟೈರಿನ ಜತೆ ಬರುವ ದರ್ಜೆಪಟ್ಟಿಯಲ್ಲಿ ಇರುವ ಕೆಲವು ಅಂಕಿ, ಅಕ್ಷರಗಳಿಗೆ ಮಾನದಂಡವಿದೆ, ಪರೀಕ್ಷೆಯಿದೆ. ಟೈರ್ ಆರಿಸುವವರು ನೆಚ್ಚಬೇಕಾದದ್ದು ಅವುಗಳನ್ನು.

ಭಾರ ಒಂದೆಡೆ, ಎಳೆತ ಇನ್ನೊಂದೆಡೆ

ಒಂದೇ ಗಾತ್ರದ ಪೆಟ್ರೋಲ್ ಕಾರಿಗೂ ಎಲೆಕ್ಟ್ರಿಕ್ ಕಾರಿಗೂ ತೂಕದಲ್ಲಿ ಸಾಮಾನ್ಯವಾಗಿ 200ರಿಂದ 400 ಕಿಲೋ ವ್ಯತ್ಯಾಸವಿರುತ್ತದೆ. ಹೆಚ್ಚುವರಿ ತೂಕ ಬಹುಪಾಲು ಬ್ಯಾಟರಿಯದು. ಟೈರ್ ನೆಲವನ್ನು ಮುಟ್ಟುವ ಜಾಗ ಅಂಗೈಯಷ್ಟು ಅಗಲ. ಅಂಥ ನಾಲ್ಕು ತುಣುಕುಗಳ ಮೇಲೆ ಇಡೀ ಕಾರು ನಿಂತಿದೆ. ಭಾರ ಹೆಚ್ಚಿದಷ್ಟೂ ರಬ್ಬರು ಹೆಚ್ಚು ಬಾಗುತ್ತದೆ, ತಿರುವಿನಲ್ಲಿ ಹೆಚ್ಚು ಉಜ್ಜಿಕೊಳ್ಳುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಮೋಟಾರಿನ ಗುಣ. ಪೆಟ್ರೋಲ್ ಎಂಜಿನ್ ತನ್ನ ಪೂರ್ಣ ಟಾರ್ಕ್ (ತಿರುಗಿಸುವ ಬಲ) ಕೊಡಬೇಕಾದರೆ ಅದರ ವೇಗ ಒಂದು ಮಟ್ಟಕ್ಕೆ ಏರಬೇಕು. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ. ಹಸಿರು ದೀಪ ಬಿದ್ದೊಡನೆ ಪೆಡಲ್ ಒತ್ತಿದರೆ ಚಕ್ರ ಜಾರದೆ ಹೋದರೂ ಟ್ರೆಡ್ಡಿನ (ನೆಲಕ್ಕೆ ತಾಗುವ, ಗೆರೆ ಕೊರೆದ ಹೊರಪದರದ) ಒಂದೊಂದು ಗಟ್ಟಿಯೂ ನೆಲಕ್ಕೆ ತಾಗಿ ಬಿಡುವ ಕ್ಷಣದಲ್ಲಿ ಚೂರು ಚೂರೇ ಜಾರುತ್ತದೆ. ಸವೆತ ಅಂದರೆ ಆ ಸಣ್ಣ ಜಾರುವಿಕೆಗಳ ಮೊತ್ತ. ಇದಕ್ಕೆ ರೀಜನರೇಟಿವ್ ಬ್ರೇಕಿಂಗ್ ಅನ್ನೂ ಸೇರಿಸಬೇಕು. ಪೆಡಲ್ ಬಿಟ್ಟಾಗ ಮೋಟಾರು ಜನರೇಟರ್ ಆಗಿ ಕಾರನ್ನು ನಿಧಾನಗೊಳಿಸುತ್ತದೆ, ಬ್ಯಾಟರಿಗೆ ವಿದ್ಯುತ್ ಮರಳುತ್ತದೆ. ಇದರಿಂದ ಬ್ರೇಕ್ ಪ್ಯಾಡ್ ಉಳಿಯುತ್ತದೆ, ನಿಜ. ಆದರೆ ಒಂದೇ ಮೋಟಾರಿನ ಕಾರಿನಲ್ಲಿ ಮುಂದಕ್ಕೆ ದೂಡುವ ಕೆಲಸ, ಹಿಂದಕ್ಕೆ ಹಿಡಿಯುವ ಕೆಲಸ ಎರಡೂ ಅದೇ ಎರಡು ಚಕ್ರಗಳ ಪಾಲಿಗೆ ಬೀಳುತ್ತವೆ. ಹಿಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ ಹಿಂದಿನ ಟೈರುಗಳು ಮೊದಲು ಬೋಳಾಗುವುದು ಇದರಿಂದಲೇ.

ಸಾಮಾನ್ಯ ಟೈರ್ ಎಲೆಕ್ಟ್ರಿಕ್ ಕಾರಿನಲ್ಲಿ ಶೇ 20ರಿಂದ 30ರಷ್ಟು ಬೇಗ ಸವೆಯುತ್ತದೆ ಎಂದು ಟೈರ್ ಕಂಪನಿಗಳು ಹೇಳುವುದುಂಟು. ಈ ಅಂಕಿಯನ್ನು ಎಲ್ಲರಿಗೂ ಅನ್ವಯಿಸುವ ನಿಯಮದಂತೆ ಓದಬಾರದು. ಮೆಲ್ಲಗೆ ವೇಗ ಹೆಚ್ಚಿಸುವ ಚಾಲಕನ ಟೈರಿಗೂ ಪ್ರತಿ ದೀಪದಲ್ಲೂ ಪೆಡಲ್ ತುಳಿಯುವವನ ಟೈರಿಗೂ ಆಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಅಂತರ ಬರಬಲ್ಲದು.

ಪೆಟ್ರೋಲ್ ಕಾರಿನಲ್ಲಿ ಕಾಣದ ನಷ್ಟ

ಟೈರ್ ಉರುಳುವಾಗ ನೆಲಕ್ಕೆ ತಾಗುವ ಭಾಗ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ದುಂಡಾಗುತ್ತದೆ. ಬಾಗಿಸಲು ಖರ್ಚಾದ ಶಕ್ತಿಯೆಲ್ಲ ವಾಪಸ್ ಬರುವುದಿಲ್ಲ. ಒಂದು ಪಾಲು ಶಾಖವಾಗಿ ಹೋಗುತ್ತದೆ. ಇದನ್ನೇ ಉರುಳು ಪ್ರತಿರೋಧ ಎನ್ನುವುದು.

ಈ ನಷ್ಟ ಪೆಟ್ರೋಲ್ ಕಾರಿನಲ್ಲೂ ಇದೆ. ಅಲ್ಲಿ ಇಂಧನದ ಶಕ್ತಿಯ ಹೆಚ್ಚಿನ ಭಾಗ ಎಂಜಿನ್ನಿನ ಶಾಖವಾಗಿ ಕಳೆದುಹೋಗುವುದರಿಂದ ಟೈರಿನ ಪಾಲು ಕಣ್ಣಿಗೆ ಬೀಳುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯ ಶಕ್ತಿ ಬಹುಪಾಲು ಚಕ್ರಕ್ಕೇ ತಲುಪುತ್ತದೆ. ಬೇರೆ ನಷ್ಟಗಳು ತಗ್ಗಿದಾಗ ಟೈರಿನ ನಷ್ಟ ದೊಡ್ಡದಾಗಿ ಎದ್ದು ಕಾಣುತ್ತದೆ.

ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಐರೋಪ್ಯ ಒಕ್ಕೂಟದಲ್ಲಿ 2021ರ ಮೇ 1ರಿಂದ ಜಾರಿಯಲ್ಲಿರುವ ದರ್ಜೆಪಟ್ಟಿಯ ಪ್ರಕಾರ ಕಾರಿನ ಟೈರಿಗೆ ಇಂಧನ ಮಿತವ್ಯಯದಲ್ಲಿ ‘ಎ’ ದರ್ಜೆ ಸಿಗಬೇಕಾದರೆ ಒಂದು ಟನ್ ಭಾರಕ್ಕೆ ಪ್ರತಿರೋಧ 6.5 ಕಿಲೋ ಬಲವನ್ನು ಮೀರಬಾರದು. ‘ಸಿ’ ದರ್ಜೆಯ ಮೇಲ್ಮಿತಿ 9, ‘ಡಿ’ ದರ್ಜೆಯದು 10.5. ಎರಡು ಟನ್ ತೂಕದ ಕಾರನ್ನು ತೆಗೆದುಕೊಳ್ಳಿ. ಮಿತಿಯಂಚಿನ ‘ಎ’ ಟೈರಿದ್ದರೆ ಅದನ್ನು ಉರುಳಿಸಲು 13 ಕಿಲೋ ಬಲ ಬೇಕು, ‘ಸಿ’ ಆದರೆ 18, ‘ಡಿ’ ಆದರೆ 21. ನೂರು ಕಿಲೋಮೀಟರ್ ಓಟಕ್ಕೆ ಇದು ಕ್ರಮವಾಗಿ 3.5, 4.9 ಮತ್ತು 5.7 ಯೂನಿಟ್ ವಿದ್ಯುತ್ತಾಗುತ್ತದೆ. ‘ಎ’ ಟೈರಿನಲ್ಲಿ ನೂರು ಕಿ.ಮೀ.ಗೆ ಒಟ್ಟು 17 ಯೂನಿಟ್ ಬಳಸಿ 400 ಕಿ.ಮೀ. ಓಡುತ್ತಿದ್ದ ಕಾರು ‘ಸಿ’ ಟೈರಿಗೆ ಇಳಿದರೆ ಸುಮಾರು 30 ಕಿ.ಮೀ. ಕಳೆದುಕೊಳ್ಳುತ್ತದೆ, ‘ಡಿ’ಗೆ ಇಳಿದರೆ 45 ಕಿ.ಮೀ. ಆಸುಪಾಸು. ಬೇರೇನನ್ನೂ ಬದಲಿಸದೆ, ಬರೀ ಟೈರಿನಿಂದ.

ರಬ್ಬರಿನೊಳಗಿನ ಜಗ್ಗಾಟ

ಹಾಗಾದರೆ ಎಲ್ಲರೂ ‘ಎ’ ದರ್ಜೆಯನ್ನೇ ಕೊಳ್ಳಬಹುದಲ್ಲ? ಇಲ್ಲಿಯೇ ತೊಡಕು. ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಬಾಳಿಕೆ ಇವು ಮೂರೂ ಒಂದನ್ನೊಂದು ಜಗ್ಗುತ್ತವೆ. ಶಕ್ತಿಯನ್ನು ನುಂಗದ ರಬ್ಬರು ಹಗುರವಾಗಿ ಉರುಳುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹುಟ್ಟುವುದೇ ರಬ್ಬರು ರಸ್ತೆಯ ಉಬ್ಬುತಗ್ಗುಗಳಿಗೆ ಬಾಗಿ ಶಕ್ತಿಯನ್ನು ನುಂಗುವುದರಿಂದ. ಟ್ರೆಡ್ ಆಳವಾಗಿದ್ದರೆ ಟೈರ್ ಹೆಚ್ಚು ಕಾಲ ಬಾಳುತ್ತದೆ, ಆದರೆ ದಪ್ಪ ರಬ್ಬರು ಹೆಚ್ಚು ಬಾಗಿ ಪ್ರತಿರೋಧವೂ ಏರುತ್ತದೆ.

ಈ ಜಗ್ಗಾಟದಿಂದ ಪಾರಾಗಲು ತಂತ್ರಜ್ಞರು ಕಂಡುಕೊಂಡ ಸಂದು ಬಹಳ ಸೊಗಸಾದದ್ದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹದಿಮೂರು ಸುತ್ತು ತಿರುಗುತ್ತದೆ. ಉರುಳುವಾಗಿನ ಬಾಗುವಿಕೆ ಅಷ್ಟೇ ನಿಧಾನದ್ದು. ಬ್ರೇಕ್ ಹಾಕಿದಾಗ ರಸ್ತೆಯ ಸಣ್ಣ ಕಲ್ಲಿನ ಮೊನೆಗಳು ರಬ್ಬರನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಲುಗಿಸುತ್ತವೆ. ನಿಧಾನದ ಬಾಗುವಿಕೆಗೆ ಶಕ್ತಿ ನುಂಗದೆ, ವೇಗದ ಅಲುಗಾಟಕ್ಕೆ ಮಾತ್ರ ನುಂಗುವ ರಬ್ಬರು ಸಿಕ್ಕರೆ ಎರಡೂ ಕೈಗೂಡುತ್ತವೆ. ರಬ್ಬರನ್ನು ಗಟ್ಟಿಗೊಳಿಸುವ ಇಂಗಾಲದ ಕಪ್ಪು ಪುಡಿಯ (ಕಾರ್ಬನ್ ಬ್ಲ್ಯಾಕ್) ಬದಲು ಸಿಲಿಕಾ ಬೆರೆಸಿದಾಗ ರಬ್ಬರು ಈ ಗುಣದತ್ತ ವಾಲುತ್ತದೆ. ಮಿಶೆಲಿನ್ ಕಂಪನಿ 1992ರಲ್ಲಿ ಸಿಲಿಕಾ ಬೆರೆತ ‘ಹಸಿರು ಟೈರ್’ ತಂದದ್ದು ಇದೇ ತಿಳಿವಳಿಕೆಯ ಮೇಲೆ. ಆಗ ಗುರಿ ಎಲೆಕ್ಟ್ರಿಕ್ ಕಾರಾಗಿರಲಿಲ್ಲ, ಪೆಟ್ರೋಲ್ ಉಳಿತಾಯವಾಗಿತ್ತು. ಈಗಿನ ಇವಿ ಟೈರುಗಳು ಆ ಹಾದಿಯಲ್ಲೇ ಇನ್ನಷ್ಟು ಮುಂದೆ ಸಾಗಿದಂಥವು.

ಜಗ್ಗಾಟ ಸಡಿಲಾಗಿದೆ, ಮುಗಿದಿಲ್ಲ. ಉರುಳು ಪ್ರತಿರೋಧದಲ್ಲಿ ‘ಎ’, ಒದ್ದೆ ಹಿಡಿತದಲ್ಲಿ ‘ಸಿ’ ಎಂದಿರುವ ಟೈರುಗಳು ಅಂಗಡಿಯಲ್ಲಿ ಈಗಲೂ ಇವೆ. ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ಬ್ರೇಕ್ ಹಾಕಿದಾಗ ಒದ್ದೆ ಹಿಡಿತದ ಒಂದೊಂದು ದರ್ಜೆ ಇಳಿದಂತೆ ಕಾರು ನಿಲ್ಲುವ ದೂರ ಸುಮಾರು 3ರಿಂದ 6 ಮೀಟರ್ ಹೆಚ್ಚುತ್ತದೆ. ಎರಡು ದರ್ಜೆ ಎಂದರೆ ಒಂದೆರಡು ಕಾರಿನ ಉದ್ದ. ಇಪ್ಪತ್ತು ಮೂವತ್ತು ಕಿಲೋಮೀಟರ್ ರೇಂಜಿಗಾಗಿ (ಒಂದು ಚಾರ್ಜಿಗೆ ಓಡುವ ದೂರಕ್ಕಾಗಿ) ಈ ದೂರವನ್ನು ಬಿಟ್ಟುಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ರೇಂಜ್ ಕಡಿಮೆಯಾದರೆ ಚಾರ್ಜಿಂಗ್‌ಗೆ ಹತ್ತು ನಿಮಿಷ ಹೆಚ್ಚು ನಿಲ್ಲಬೇಕಾದೀತು. ಬ್ರೇಕಿನ ದೂರ ಸಾಲದೆ ಹೋದರೆ ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಕಂಪನಿಗಳ ಎರಡು ಬಣ

ಹ್ಯಾಂಕುಕ್ ‘ಅಯಾನ್’ ಎಂಬ ಹೆಸರಿನಲ್ಲಿ ಎಲೆಕ್ಟ್ರಿಕ್ ಕಾರಿಗೆಂದೇ ಪ್ರತ್ಯೇಕ ಸರಣಿ ಮಾಡಿದೆ. ಗುಡ್‌ಇಯರ್ ‘ಎಲೆಕ್ಟ್ರಿಕ್‌ಡ್ರೈವ್’ ಎಂದು ಕರೆಯುತ್ತದೆ. ಪಿರೆಲ್ಲಿ ತನ್ನ ಮಾಮೂಲಿ ಸರಣಿಗಳಲ್ಲೇ ಎಲೆಕ್ಟ್ರಿಕ್ ಕಾರಿಗೆ ಹೊಂದಿಸಿದವುಗಳಿಗೆ ‘ಎಲೆಕ್ಟ್’ ಎಂಬ ಗುರುತು ಹಾಕುತ್ತದೆ. ಇವರ ವಾದ: ಭಾರ ತಾಳುವ ಗಟ್ಟಿ ಚೌಕಟ್ಟು, ಟಾರ್ಕ್ ತಡೆಯುವ ಟ್ರೆಡ್, ಕಡಿಮೆ ಪ್ರತಿರೋಧ, ಕಡಿಮೆ ಸದ್ದು ಈ ನಾಲ್ಕನ್ನೂ ಒಟ್ಟಿಗೆ ಕೊಡಬೇಕಾದರೆ ಮೊದಲಿನಿಂದಲೇ ಬೇರೆ ವಿನ್ಯಾಸ ಬೇಕು.

ಕಾಂಟಿನೆಂಟಲ್‌ನ ನಿಲುವು ಬೇರೆ. ಪ್ರತ್ಯೇಕ ಸರಣಿ ಅಗತ್ಯವಿಲ್ಲ, ಒಳ್ಳೆಯ ಟೈರಿಗೆ ಈ ಗುಣಗಳೆಲ್ಲ ಹೇಗೂ ಇರಬೇಕು, ಭಾರದ ಪೆಟ್ರೋಲ್ ಕಾರಿಗೂ ಅವೇ ಬೇಕು ಎನ್ನುತ್ತದೆ ಅದು. ಮಿಶೆಲಿನ್ ಎರಡೂ ಕಡೆ ಕಾಲಿಟ್ಟಿದೆ: ‘ಪೈಲಟ್ ಸ್ಪೋರ್ಟ್ ಇವಿ’ ಎಂಬ ಟೈರನ್ನೂ ಮಾರುತ್ತದೆ, ತನ್ನ ಉಳಿದ ಟೈರುಗಳೂ ಎಲೆಕ್ಟ್ರಿಕ್ ಕಾರಿಗೆ ಸಿದ್ಧವೆಂದೂ ಹೇಳುತ್ತದೆ.

ಎರಡು ಬಣಗಳೂ ಹೇಳುವ ಗುಣಗಳು ಒಂದೇ. ಬೇರೆಯಿರುವುದು ಹೆಸರಿಡುವ ರೀತಿ. ಆದ್ದರಿಂದ ‘ಇವಿ’ ಎಂದು ಬರೆದಿಲ್ಲವೆಂದು ಒಳ್ಳೆಯ ಟೈರನ್ನು ಬಿಡಬೇಕಿಲ್ಲ, ಬರೆದಿದೆಯೆಂದು ಅಂಕಿ ನೋಡದೆ ಕೊಳ್ಳಲೂಬಾರದು.

ರಾಜಿ ಮಾಡಿಕೊಳ್ಳಬಾರದ ಅಂಕಿ

ಟೈರಿನ ಪಕ್ಕೆಯ ಮೇಲೆ ‘235/45 ಆರ್ 18 98 ಡಬ್ಲ್ಯೂ ಎಕ್ಸ್‌ಎಲ್’ ಎಂದಿದೆಯೆಂದುಕೊಳ್ಳಿ. 235 ಎಂದರೆ ಅಗಲ ಮಿಲಿಮೀಟರಿನಲ್ಲಿ. 45 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 45. ಟೈರ್ ಕೂರುವ ರಿಮ್ಮಿನ ವ್ಯಾಸ 18 ಇಂಚು. ‘ಡಬ್ಲ್ಯೂ’ ಎಂಬುದು ಗಂಟೆಗೆ 270 ಕಿ.ಮೀ. ವೇಗದ ಗುರುತು. ನಡುವಿನ 98, ಭಾರದ ಸೂಚ್ಯಂಕ. ಅದು ಕಿಲೋ ಅಲ್ಲ, ಪಟ್ಟಿಯೊಂದರ ಕ್ರಮಾಂಕ. 98 ಎಂದರೆ ಒಂದು ಟೈರ್ 750 ಕಿಲೋ ಹೊರಬಲ್ಲದು. ಇದೇ ಅಳತೆಯ ಸಾಮಾನ್ಯ ಟೈರಿನ ಮೇಲೆ 94 ಎಂದಿರುತ್ತದೆ, ಅಂದರೆ 670 ಕಿಲೋ. ಎರಡೂ ಒಂದೇ ರಿಮ್ಮಿಗೆ ಕೂರುತ್ತವೆ, ನೋಡಲು ಒಂದೇ ಥರ ಇರುತ್ತವೆ. ತಪ್ಪಾಗುವುದು ಇಲ್ಲಿಯೇ.

ನಾಲ್ಕು ಟೈರಿಗೆ 670 ಕಿಲೋ ಎಂದರೆ ಒಟ್ಟು 2,680. ಜನ, ಸಾಮಾನು ಸೇರಿ ಕಾರು 2,300 ಕಿಲೋ ತೂಗಿದರೂ ಸಾಕಲ್ಲವೇ ಎಂದು ಅಂಗಡಿಯಲ್ಲಿ ವಾದ ಬರಬಹುದು. ಆ ಲೆಕ್ಕ ಸಾಲದು. ಭಾರ ನಾಲ್ಕು ಚಕ್ರಗಳ ಮೇಲೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ ಭಾರ ಬೀಳುತ್ತದೆ, ತಿರುವಿನಲ್ಲಿ ಹೊರಬದಿಯ ಚಕ್ರಗಳ ಮೇಲೆ, ಬ್ರೇಕ್ ಹಾಕಿದಾಗ ಮುಂದಿನವುಗಳ ಮೇಲೆ. ಕಾರಿನ ಕಂಪನಿ ಇದೆಲ್ಲವನ್ನೂ ಎಣಿಸಿಯೇ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಸೂಚ್ಯಂಕ ಬರೆದಿರುತ್ತದೆ. ಅದಕ್ಕಿಂತ ಮೇಲಿನದ್ದು ಹಾಕಬಹುದು, ಕೆಳಗಿನದ್ದು ಸಲ್ಲದು.

‘ಎಕ್ಸ್‌ಎಲ್’ (ಎಕ್ಸ್‌ಟ್ರಾ ಲೋಡ್, ಅಂದರೆ ಹೆಚ್ಚುವರಿ ಭಾರ) ಗುರುತಿನ ಬಗ್ಗೆ ಒಂದು ಮಾತು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಅದರ ಹೆಚ್ಚುವರಿ ಶಕ್ತಿ ರಬ್ಬರಿನದಷ್ಟೇ ಅಲ್ಲ, ಒಳಗಿನ ಗಾಳಿಯದ್ದು. ಸಾಮಾನ್ಯ ಟೈರಿನ ಭಾರವನ್ನು 2.5 ಬಾರ್ ಒತ್ತಡಕ್ಕೆ ನಿಗದಿಪಡಿಸಿದರೆ, ಎಕ್ಸ್‌ಎಲ್ ಟೈರಿನದ್ದನ್ನು 2.9 ಬಾರ್‌ಗೆ, ಅಂದರೆ 42 ಪಿಎಸ್‌ಐಗೆ. ಎಕ್ಸ್‌ಎಲ್ ಹಾಕಿಸಿ ಹಳೆಯ ಕಾರಿನ ರೂಢಿಯಂತೆ 32 ಪಿಎಸ್‌ಐ ತುಂಬಿಸಿದರೆ ಕೊಂಡ ಶಕ್ತಿ ಬಳಕೆಗೇ ಬರುವುದಿಲ್ಲ. ಪಕ್ಕೆ ಹೆಚ್ಚು ಬಾಗಿ ಬಿಸಿಯಾಗುತ್ತದೆ, ಅಂಚುಗಳು ಸವೆಯುತ್ತವೆ, ರೇಂಜೂ ಇಳಿಯುತ್ತದೆ. ಕಾರಿನ ಚೀಟಿ ಹೇಳಿದ ಒತ್ತಡವನ್ನು ಟೈರ್ ತಣ್ಣಗಿದ್ದಾಗ ನೋಡಿ ತುಂಬಿಸಬೇಕು. ಹವೆ ಹತ್ತು ಡಿಗ್ರಿ ತಂಪಾದರೆ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ.

ಬ್ಯಾಟರಿಗಳು ದೊಡ್ಡದಾದಂತೆ ಎಕ್ಸ್‌ಎಲ್ ಕೂಡ ಸಾಲದೆ ‘ಎಚ್‌ಎಲ್’ (ಹೈ ಲೋಡ್, ಇನ್ನೂ ಹೆಚ್ಚಿನ ಭಾರ) ಎಂಬ ಹೊಸ ವರ್ಗ ಬಂತು. 2021ರಲ್ಲಿ ಪಿರೆಲ್ಲಿ ಇಂಥ ಮೊದಲ ಟೈರನ್ನು ಲೂಸಿಡ್ ಏರ್ ಕಾರಿಗೆ ಮಾಡಿತು. 245/40 ಆರ್ 19 ಅಳತೆಯಲ್ಲಿ ಸಾಮಾನ್ಯ ಟೈರ್ 670 ಕಿಲೋ, ಎಕ್ಸ್‌ಎಲ್ 750 ಕಿಲೋ ಹೊತ್ತರೆ ಎಚ್‌ಎಲ್ 825 ಕಿಲೋ ಹೊರುತ್ತದೆ. ಈ ಗುರುತು ಅಳತೆಯ ಮುಂದೆಯೇ ಬರುತ್ತದೆ. ಕಾರಿಗೆ ಮೂಲದಲ್ಲಿ ಎಚ್‌ಎಲ್ ಬಂದಿದ್ದರೆ ಬದಲಿಸುವಾಗಲೂ ಅದೇ ಬೇಕು.

ಹೊಸ ಟೈರ್ ಹಾಕಿದ ಮೇಲೆ ರೇಂಜ್ ಕುಸಿಯಿತೇಕೆ?

ಹೊಸ ಟೈರ್ ಹಾಕಿಸಿದ ವಾರದಲ್ಲೇ ರೇಂಜ್ ಬಿದ್ದುಹೋಯಿತು, ಅಂಗಡಿಯವರು ಮೋಸ ಮಾಡಿದರು ಎಂಬ ದೂರು ಬಹಳ ಕಡೆ ಕೇಳಿಬರುತ್ತದೆ. ಇದಕ್ಕೆ ಮೂರು ಕಾರಣ ಕೂಡಿಕೊಳ್ಳುತ್ತವೆ.

ಮೊದಲನೆಯದು, ಕಾರಿನ ಜತೆ ಬಂದ ಟೈರ್ ಪ್ರಮಾಣೀಕೃತ ರೇಂಜ್ ಹೆಚ್ಚಿಸುವ ಸಲುವಾಗಿ ಕಡಿಮೆ ಪ್ರತಿರೋಧಕ್ಕೆ ಹೊಂದಿಸಿದ್ದಾಗಿರುತ್ತದೆ. ಅದೇ ಹೆಸರಿನ ಟೈರನ್ನು ಅಂಗಡಿಯಲ್ಲಿ ಕೊಂಡರೂ ಒಳಗಿನ ರಬ್ಬರು ಬೇರೆಯಿರಬಹುದು. ಕಾರಿನ ಕಂಪನಿ ಒಪ್ಪಿದ ಆವೃತ್ತಿಗೆ ಪಕ್ಕೆಯ ಮೇಲೆ ಪುಟ್ಟ ಸಂಕೇತವಿರುತ್ತದೆ. ಟೆಸ್ಲಾ ಕಾರಿನ ಟೈರುಗಳಲ್ಲಿ ‘ಟಿ0’, ‘ಟಿ1’ ಎಂದಿರುವಂತೆ.

ಎರಡನೆಯದು, ಸವೆದ ಟೈರಿನ ಪ್ರತಿರೋಧ ಹೊಸದಕ್ಕಿಂತ ಕಡಿಮೆ. ಪೂರ್ತಿ ಸವೆಯುವ ಹೊತ್ತಿಗೆ ಸುಮಾರು ಐದನೇ ಒಂದು ಪಾಲು ಇಳಿದಿರುತ್ತದೆ, ಏಕೆಂದರೆ ಬಾಗುವ ರಬ್ಬರೇ ಕಡಿಮೆ. ಹಾಗಾಗಿ ಅದೇ ಟೈರನ್ನೇ ಹೊಸದಾಗಿ ಹಾಕಿದರೂ ಬಳಕೆ ಏರುತ್ತದೆ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಕಾರು ದೂರವನ್ನು ಅಳೆಯುವುದು ಚಕ್ರದ ಸುತ್ತುಗಳನ್ನು ಎಣಿಸಿ. ಟ್ರೆಡ್ 8 ಮಿ.ಮೀ.ನಿಂದ 2 ಮಿ.ಮೀ.ಗೆ ಇಳಿದಾಗ 33 ಸೆಂಟಿಮೀಟರ್ ತ್ರಿಜ್ಯದ ಚಕ್ರ 6 ಮಿ.ಮೀ. ಕುಗ್ಗಿರುತ್ತದೆ, ಅಂದರೆ ಶೇ 1.8. ಬೋಳು ಟೈರಿನಲ್ಲಿ ಕಾರು 98 ಕಿ.ಮೀ. ಓಡಿ 100 ಎಂದು ತೋರಿಸುತ್ತಿತ್ತು. ಹೊಸ ಟೈರ್ ಬಂದಾಗ ಆ ಸುಳ್ಳು ಲಾಭ ಹೋಗುತ್ತದೆ. ಕುಸಿತದ ಒಂದು ಪಾಲು ನಿಜವಾದ ಕುಸಿತವೇ ಅಲ್ಲ.

ದೊಡ್ಡ ಚಕ್ರಕ್ಕೆ ತೆರುವ ದಂಡ

ನೋಟಕ್ಕಾಗಿ ದೊಡ್ಡ ರಿಮ್ ಆರಿಸಿಕೊಳ್ಳುವವರು ಒಮ್ಮೆ ಹ್ಯುಂಡೈ ಅಯಾನಿಕ್ 6ರ ಅಂಕಿಗಳನ್ನು ನೋಡಬೇಕು. 2023ರ ಮಾದರಿಯಲ್ಲಿ 77.4 ಯೂನಿಟ್‌ನ ಅದೇ ಬ್ಯಾಟರಿ, ಹಿಂದೆ ಅದೇ ಒಂದು ಮೋಟಾರು. 225 ಅಗಲದ 18 ಇಂಚಿನ ಚಕ್ರವಿದ್ದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಮಾಣೀಕೃತ ರೇಂಜ್ 361 ಮೈಲಿ, ಸುಮಾರು 581 ಕಿ.ಮೀ. 245 ಅಗಲದ 20 ಇಂಚಿನ ಚಕ್ರದ ಮೇಲ್ದರ್ಜೆಯ ಆವೃತ್ತಿಗೆ 305 ಮೈಲಿ, ಸುಮಾರು 491 ಕಿ.ಮೀ. ತೊಂಬತ್ತು ಕಿಲೋಮೀಟರಿನ ಈ ಅಂತರಕ್ಕೆ ಟೈರೊಂದೇ ಹೊಣೆಯಲ್ಲ. ಅಗಲವಾದ ಚಕ್ರ ಗಾಳಿಯನ್ನು ಹೆಚ್ಚು ಕದಡುತ್ತದೆ, ರಿಮ್ಮಿನ ಆಕಾರ ಬೇರೆ, ಸಲಕರಣೆಗಳ ತೂಕವೂ ಬೇರೆ. ಆದರೆ ಗಾಳಿ ಕದಡುವುದೂ ಚಕ್ರದ ಆಯ್ಕೆಯಿಂದಲೇ ಬಂದದ್ದು. ಮೇಲಾಗಿ ದೊಡ್ಡ ರಿಮ್ಮಿನ ಮೇಲೆ ಟೈರಿನ ಪಕ್ಕೆ ಕಿರಿದಾಗುತ್ತದೆ. ರಸ್ತೆಗುಂಡಿಗೆ ಬಿದ್ದಾಗ ಭಾರದ ಕಾರಿನ ಹೊಡೆತವನ್ನು ಹೀರಲು ಅಲ್ಲಿ ಜಾಗವಿಲ್ಲ. ಪಕ್ಕೆ ಸೀಳುವುದು, ರಿಮ್ ಸೊಟ್ಟಗಾಗುವುದು ಹೆಚ್ಚು.

ಇದಕ್ಕೆ ತದ್ವಿರುದ್ಧ ಹಾದಿ ಹಿಡಿದದ್ದು ಬಿಎಂಡಬ್ಲ್ಯೂ ಐ3. ಅದರ ಟೈರ್ ಬರೀ 155 ಮಿ.ಮೀ. ಅಗಲ, ರಿಮ್ ಮಾತ್ರ 19 ಇಂಚು. ಎತ್ತರವಾಗಿ, ಕಿರಿದಾಗಿ ಇದ್ದುದರಿಂದ ಗಾಳಿಯ ತಡೆಯೂ ಕಡಿಮೆ, ಬಾಗುವಿಕೆಯೂ ಕಡಿಮೆ. ಬೇರೆ ಕಾರುಗಳು ಆ ಹಾದಿ ತುಳಿಯಲಿಲ್ಲ. ಹಾಗಾಗಿ ಅಂಥ ಅಳತೆಯ ಟೈರಿಗೆ ಅದರ ಒಡೆಯರಿಗೆ ಆಯ್ಕೆಯೇ ಹೆಚ್ಚು ಇಲ್ಲ. ಅಪರೂಪದ ಅಳತೆಯ ಕಾರು ಕೊಳ್ಳುವ ಮುನ್ನ ಇದನ್ನೂ ಯೋಚಿಸಬೇಕು.

ಸದ್ದು, ಸ್ಪಂಜು, ಪಂಚರ್

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಟೈರಿನೊಳಗಿನ ಗಾಳಿ 200 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಅದನ್ನು ಅಡಗಿಸಲು ಕೆಲವು ಟೈರುಗಳ ಒಳಮೈಗೆ ಪಾಲಿಯುರೆಥೇನ್ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಪಂಚರ್ ಆದಾಗ ತೂತಿನ ಸುತ್ತಲಿನ ಸ್ಪಂಜು ಕಿತ್ತು, ಒಳಗಿನಿಂದ ಪ್ಯಾಚ್ ಹಾಕಬೇಕು. ಆ ಕೆಲಸ ಬಲ್ಲವರು ಹತ್ತಿರವಿಲ್ಲದಿದ್ದರೆ ಸ್ಪಂಜಿಲ್ಲದ ಟೈರೇ ಮೇಲು. ಸುರಕ್ಷತೆಗೆ ಅದರಿಂದ ಕುಂದಿಲ್ಲ, ಸದ್ದು ಒಂದಿಷ್ಟು ಏರಬಹುದು.

ದೂಳಿನ ಲೆಕ್ಕ ಬರುತ್ತಿದೆ

ಸವೆದ ರಬ್ಬರು ಮಾಯವಾಗುವುದಿಲ್ಲ. ಗಾಳಿಗೆ, ಮಣ್ಣಿಗೆ, ಮಳೆನೀರಿಗೆ ಸೇರುತ್ತದೆ. ರಬ್ಬರು ಬಿರುಕು ಬಿಡದಂತೆ ಬೆರೆಸುವ ‘6ಪಿಪಿಡಿ’ ಎಂಬ ರಾಸಾಯನಿಕ ಓಜೋನಿನೊಡನೆ ಬೆರೆತು ಬೇರೊಂದು ವಸ್ತುವಾಗಿ, ತೊರೆಗಳಿಗೆ ಹರಿದು ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಅಲ್ಲಿಂದ ಈ ಚರ್ಚೆಗೆ ಹೊಸ ತೂಕ ಬಂತು.

ಹಾಗೆಂದು ಎಲೆಕ್ಟ್ರಿಕ್ ಕಾರು ಹೊಗೆ ಬಿಡದಿದ್ದರೂ ದೂಳಿನಲ್ಲಿ ಅಷ್ಟೇ ಕೆಟ್ಟದ್ದು ಎಂಬ ವಾದ ಪೂರ್ತಿ ನಿಲ್ಲುವುದಿಲ್ಲ. ಬ್ರೇಕಿನ ದೂಳು ಅದರಲ್ಲಿ ತೀರ ಕಡಿಮೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 2020ರ ವರದಿಯಲ್ಲಿ ಬ್ರೇಕು, ಟೈರು, ರಸ್ತೆಯ ದೂಳನ್ನೆಲ್ಲ ಸೇರಿಸಿ ಅಂದಾಜು ಮಾಡಿತ್ತು: ಹಗುರ ಎಲೆಕ್ಟ್ರಿಕ್ ಕಾರುಗಳಿಂದ ಪಿಎಂ 2.5 ಸೂಕ್ಷ್ಮ ಕಣಗಳು ಪೆಟ್ರೋಲ್ ಕಾರಿಗಿಂತ ಶೇ 11ರಿಂದ 13ರಷ್ಟು ಕಡಿಮೆ, ಭಾರಿ ಬ್ಯಾಟರಿಯ ಕಾರುಗಳಿಂದ ಶೇ 3ರಿಂದ 8ರಷ್ಟು ಹೆಚ್ಚು. ದೋಷ ವಿದ್ಯುತ್ತಿನದಲ್ಲ, ತೂಕದ್ದು.

2024ರಲ್ಲಿ ಅಂಗೀಕಾರವಾದ ಯುರೋ 7 ನಿಯಮ ಹೊಗೆಯ ಜತೆಗೆ ಬ್ರೇಕ್ ಕಣಗಳಿಗೂ ಟೈರ್ ಸವೆತಕ್ಕೂ ಮೊದಲ ಬಾರಿಗೆ ಮಿತಿ ಹಾಕುತ್ತದೆ. ಕಾರಿನ ಹೊಸ ಮಾದರಿಯ ಟೈರುಗಳಿಗೆ ಈ ಮಿತಿ 2028ರ ಜುಲೈಯಿಂದ ಅನ್ವಯ. ಇದು ಎಲೆಕ್ಟ್ರಿಕ್ ಕಾರಿನ ಮೇಲಿನ ನಿಯಮವಲ್ಲ, ಎಲ್ಲ ಕಾರುಗಳ ಟೈರಿಗೂ ಒಂದೇ. ಪರಿಣಾಮ ಮಾತ್ರ ಎಲೆಕ್ಟ್ರಿಕ್ ಕಾರಿನವರಿಗೆ ಹೆಚ್ಚು ತಟ್ಟುತ್ತದೆ. ಬೇಗ ಸವೆಯುವ ರಬ್ಬರು ಮಾರುಕಟ್ಟೆಯಿಂದ ಹೊರಬಿದ್ದರೆ ಟೈರುಗಳ ಆಯಸ್ಸು ಹೆಚ್ಚುತ್ತದೆ. ಆದರೆ ಬಾಳಿಕೆಗಾಗಿ ರಬ್ಬರನ್ನು ಗಟ್ಟಿ ಮಾಡಿದಾಗ ಒದ್ದೆ ಹಿಡಿತ ಕುಂದದಂತೆ ನೋಡಿಕೊಳ್ಳುವ ಹೊರೆ ಕಂಪನಿಗಳ ಮೇಲೆ ಬೀಳುತ್ತದೆ. ಆ ಸಂಶೋಧನೆಯ ಖರ್ಚು ಟೈರಿನ ಬೆಲೆಯಲ್ಲೂ ಕಾಣಿಸಿಕೊಳ್ಳಬಹುದು.

ಅಲ್ಲಿಯವರೆಗೆ

ಯುರೋಪಿನ ದರ್ಜೆಪಟ್ಟಿಯಲ್ಲಿ ಸದ್ಯ ಇಂಧನ ಮಿತವ್ಯಯ, ಒದ್ದೆ ಹಿಡಿತ, ಹೊರಗಿನ ಸದ್ದು ಇವೆ, ಬಾಳಿಕೆ ಇಲ್ಲ. ಅಮೆರಿಕದ ಟೈರುಗಳ ಮೇಲಿನ ‘ಟ್ರೆಡ್‌ವೇರ್’ ಅಂಕಿಯನ್ನು ಕೊಡುವುದು ಟೈರ್ ಮಾಡಿದ ಕಂಪನಿಯೇ. ಹೀಗಾಗಿ ಎರಡು ಬ್ರ್ಯಾಂಡಿನ ಅಂಕಿಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವುದು ಕಷ್ಟ. ಎಲೆಕ್ಟ್ರಿಕ್ ಕಾರಿನವರು ಹೆಚ್ಚು ತಿಳಿಯಬಯಸುವ ಸಂಗತಿಯೇ ಹೀಗೆ ಮರೆಯಲ್ಲಿದೆ.

ಅದನ್ನು ಅಳೆಯಲು ಟ್ರೆಡ್ ಆಳದ ಒಂದು ಸಣ್ಣ ಮಾಪಕ ಸಾಕು. ಟೈರ್ ಹಾಕಿಸಿದ ದಿನ ಒಳಂಚು, ನಡು, ಹೊರಂಚು ಮೂರು ಕಡೆ ಅಳೆದು ಬರೆದಿಡಿ. ಐದು ಸಾವಿರ ಕಿ.ಮೀ. ನಂತರ ಮತ್ತೆ ಅಳೆಯಿರಿ. 8 ಮಿ.ಮೀ. ಇದ್ದದ್ದು 7.2ಕ್ಕೆ ಬಂದಿದ್ದರೆ 0.8 ಮಿ.ಮೀ. ಹೋಗಿದೆ. ಹಲವು ದೇಶಗಳ ಕಾನೂನಿನ ಕನಿಷ್ಠ ಮಿತಿಯಾದ 1.6 ಮಿ.ಮೀ.ಗೆ ಬರುವವರೆಗೆ ಬಳಸಲು ಸಿಗುವುದು ಒಟ್ಟು 6.4 ಮಿ.ಮೀ., ಅಂದರೆ ಈ ವೇಗದಲ್ಲಿ ಟೈರ್ 40,000 ಕಿ.ಮೀ. ಬಾಳುತ್ತದೆ. ಮೋಟಾರಿರುವ ಆಕ್ಸಲ್‌ನಲ್ಲಿ ಸವೆತ ಹೆಚ್ಚಿದ್ದರೆ ಮುಂದಿನ, ಹಿಂದಿನ ಟೈರುಗಳನ್ನು ಅದಲುಬದಲು ಮಾಡಬೇಕು. ಮುಂದೆ ಹಿಂದೆ ಅಗಲ ಬೇರೆಯಿರುವ ಕಾರಿನಲ್ಲಿ ಇದು ಆಗದು. ಒಳಂಚು 1.2 ಮಿ.ಮೀ. ಸವೆದು ಹೊರಂಚು 0.6 ಮಾತ್ರ ಸವೆದಿದ್ದರೆ ದೋಷ ಟೈರಿನದಲ್ಲ, ಇವಿ ಗುರುತಿನದೂ ಅಲ್ಲ. ವ್ಹೀಲ್ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಪಡಿಸದೆ ಎಷ್ಟು ದುಬಾರಿಯ ಟೈರ್ ಹಾಕಿಸಿದರೂ ಅದೇ ಅಂಚು ಮತ್ತೆ ಮೊದಲು ಬೋಳಾಗುತ್ತದೆ.